ಕಿವಿಯೋಲೆ ತಂದ ತುರಿಕೆ

ನಮ್ಮ ಸ್ಟುಡಿಯೋದಲ್ಲಿ ಅಂದು ಚರ್ಮದ ಕಾಯಿಲೆಗಳನ್ನು ಕುರಿತ ಮಾತುಕತೆ. ಎದುರಿಗೆ ಕುಳಿತವರು ಕಾಲೇಜು ವಿದ್ಯಾರ್ಥಿಗಳು. ಮೊಡವೆ, ತಲೆಹೊಟ್ಟು, ಬಿಸಿಲಿಗೆ ಕಪ್ಪಾಗುವುದು, ಹೀಗೆ ನಿರೀಕ್ಷಿತ ಪ್ರಶ್ನೆಗಳೆಲ್ಲ ಮುಗಿದು, ಸಮಯವಾಯಿತೆಂದು ಕೈಸನ್ನೆಯೂ ಆಗಿತ್ತು. ಆಗ ಕೊನೆಯ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ಜೀನ್ಸ್ ಹಾಕಿದ ಮಾರನೆಯ ದಿನ ಹೊಕ್ಕುಳ ಕೆಳಗೆ ವಿಪರೀತ ತುರಿಕೆ. ಬಟ್ಟೆಯ ಬಣ್ಣ ನನಗೆ ಆಗಿಬರುವುದಿಲ್ಲವೇ?"

ಅತಿಥಿಯಾಗಿ ಬಂದಿದ್ದ ಚರ್ಮರೋಗ ತಜ್ಞೆ ಬಟ್ಟೆಯ ಬಗ್ಗೆ ಏನನ್ನೂ ಕೇಳಲಿಲ್ಲ. "ಕಿವಿ ಎಷ್ಟು ಕಡೆ ಚುಚ್ಚಿಸಿಕೊಂಡಿದ್ದೀಯಮ್ಮ?" ಎಂದರು.

ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ಅವಳ ಕೈ ತಾನಾಗಿ ಕಿವಿಯ ಬಳಿ ಹೋಯಿತು.

ಕಾರ್ಯಕ್ರಮದಲ್ಲಿ ಆ ಪ್ರಶ್ನೆಯ ಉತ್ತರಕ್ಕೆ ಸಿಕ್ಕಿದ್ದು ಒಂದೂವರೆ ನಿಮಿಷ ಅಷ್ಟೇ. ಹೊಕ್ಕುಳ ಕೆಳಗಿನ ತುರಿಕೆಗೂ ಕಿವಿಯ ತೂತಿಗೂ ಏನು ನಂಟು? ಅದನ್ನು ಬಿಡಿಸಿ ಹೇಳುವುದು ಈ ಲೇಖನದ ಉದ್ದೇಶ. ಕಿವಿ ಮೂಗು ಚುಚ್ಚಿಸಿಕೊಳ್ಳಬೇಕೆಂದಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಹುಡುಗರಾಗಲಿ ಹುಡುಗಿಯರಾಗಲಿ, ಮೊದಲೇ ತಿಳಿದುಕೊಂಡಿರಬೇಕಾದ ಸಂಗತಿ ಇದು.

ಮೂರು ಹಂತದ ಕಥೆ

ಕಾರ್ಯಕ್ರಮ ಮುಗಿದ ಮೇಲೆ ಆ ವಿದ್ಯಾರ್ಥಿನಿ ಎಲ್ಲವನ್ನೂ ವಿವರವಾಗಿ ಹೇಳಿದಳು. ಮಗುವಾಗಿದ್ದಾಗ ಚುಚ್ಚಿಸಿದ ತೂತುಗಳಿಂದ ಏನೂ ತೊಂದರೆ ಇರಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿದ ರಜೆಯಲ್ಲಿ ಊರ ಜಾತ್ರೆಯಲ್ಲಿ ಗೆಳತಿಯರ ಜೊತೆ ಕಿವಿಯ ಮೇಲ್ಭಾಗದಲ್ಲಿ ಎರಡನೆಯ ತೂತು ಹಾಕಿಸಿಕೊಂಡಳು. ಅಂಗಡಿಯವನು ಚುಚ್ಚುವ ಯಂತ್ರದಿಂದ ಒಂದೇ ಏಟಿಗೆ ಕೂರಿಸಿದ ಓಲೆ ಚಿನ್ನದಂತೆಯೇ ಹೊಳೆಯುತ್ತಿತ್ತು. ಮೂರು ವಾರ ಕಳೆದರೂ ಗಾಯ ಒಣಗಲಿಲ್ಲ; ನೀರು ಸೋರುತ್ತಲೇ ಇತ್ತು. ಕೊನೆಗೆ ಓಲೆ ತೆಗೆದಳು, ವಾಸಿಯಾಯಿತು, ಮರೆತಳು.

ಎರಡನೆಯ ಹಂತ ಪಿಯುಸಿಯಲ್ಲಿ. ಕಾಲೇಜಿನ ಉತ್ಸವಕ್ಕೆಂದು ಗಿಲೀಟಿನ ಜುಮುಕಿ ಹಾಕಿಕೊಂಡಳು. ಚುಚ್ಚಿದ್ದು ಹಳೆಯ ತೂತು, ಎಂದೋ ಮಾಗಿದ್ದು. ಆದರೂ ಮರುದಿನದ ಹೊತ್ತಿಗೆ ಕಿವಿಯ ಹಾಲೆ ಕೆಂಪಾಗಿ ಊದಿಕೊಂಡಿತು. ಮೂರನೆಯ ಹಂತ ಜೀನ್ಸ್ ಗುಂಡಿಯದು. ಗುಂಡಿ ಹೊಟ್ಟೆಗೆ ತಾಗುವ ಜಾಗದಲ್ಲಿ ದುಂಡನೆಯ ಕಲೆ ಎದ್ದಿತು. ದುಂಡಗಿದ್ದುದರಿಂದ ಹುಳುಕಡ್ಡಿ ಎಂದು ಭಾವಿಸಿ, ಔಷಧದ ಅಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದಳು. ಹಚ್ಚಿದಾಗ ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು.

ಮೂರು ಕಡೆಯ ತೊಂದರೆಗೂ ಕಾರಣ ಒಂದೇ: ನಿಕಲ್ ಎಂಬ ಲೋಹ. ಲೋಹಗಳಿಂದ ಚರ್ಮಕ್ಕೆ ಬರುವ ಅಲರ್ಜಿಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಕೋಬಾಲ್ಟ್ ಮತ್ತು ಕ್ರೋಮಿಯಂ ಆಮೇಲೆ ಬರುತ್ತವೆ. ಶುದ್ಧ ಚಿನ್ನ ಬೆಳ್ಳಿಗಳಿಂದ ತೊಂದರೆಯಾಗುವುದು ಅಪರೂಪ.

ಗಣಿಯ ಭೂತ

ನಿಕಲ್ ಎಂಬ ಹೆಸರಿನಲ್ಲೇ ಒಂದು ತಮಾಷೆಯಿದೆ. ಜರ್ಮನಿಯ ಗಣಿಗಾರರಿಗೆ ತಾಮ್ರದ ಅದಿರಿನಂತೆಯೇ ಕಾಣುವ ಕೆಂಪು ಅದಿರೊಂದು ಸಿಗುತ್ತಿತ್ತು. ಎಷ್ಟು ಕಾಸಿದರೂ ಅದರಿಂದ ತಾಮ್ರ ಬರುತ್ತಿರಲಿಲ್ಲ. ಯಾವುದೋ ಗಣಿಯ ಭೂತ ತಮ್ಮನ್ನು ಏಮಾರಿಸುತ್ತಿದೆ ಎಂದುಕೊಂಡ ಅವರು ಅದನ್ನು 'ಕುಪ್ಫರ್‌ನಿಕಲ್', ಅಂದರೆ ಭೂತದ ತಾಮ್ರ ಎಂದು ಕರೆದರು. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರಾನ್‌ಸ್ಟೆಟ್ ಅಂಥದೇ ಅದಿರನ್ನು ಪರೀಕ್ಷಿಸುವಾಗ ಹೊಸದೊಂದು ಬಿಳಿ ಲೋಹವನ್ನು ಬೇರ್ಪಡಿಸಿದ. ಭೂತದ ಹೆಸರೇ ಅದಕ್ಕೆ ಉಳಿಯಿತು.

ನಿಕಲ್ ಕೆಟ್ಟ ಲೋಹವೇನಲ್ಲ. ಅಗ್ಗ, ಗಟ್ಟಿ, ತುಕ್ಕು ಹಿಡಿಯದು, ಮೆರುಗು ಚೆನ್ನ. ಈ ಗುಣಗಳಿಂದಲೇ ಅದು ನಮ್ಮ ಮೈಗೆ ತಾಗುವ ಎಷ್ಟೋ ವಸ್ತುಗಳಲ್ಲಿ ಸೇರಿಕೊಂಡಿದೆ. ಜೀನ್ಸ್ ಗುಂಡಿ, ಬೆಲ್ಟಿನ ಬಕಲ್, ವಾಚಿನ ಪಟ್ಟಿ, ಕನ್ನಡಕದ ಚೌಕಟ್ಟು, ಜಿಪ್, ಬೀಗದ ಕೈ, ಇವುಗಳಲ್ಲಿ ಅದು ಇರಬಹುದು. ನಮ್ಮ ಮನೆಯ ಹೆಂಗಸರು ಬಳೆಗೋ ತಾಳಿಯ ಸರಕ್ಕೋ ಸಿಕ್ಕಿಸಿಕೊಂಡಿರುವ ಪಿನ್ನುಗಳಿಗೂ ಹೆಚ್ಚಾಗಿ ನಿಕಲ್ ಲೇಪನವೇ ಇರುತ್ತದೆ.

ಗಿಲೀಟಿನ ಒಡವೆಯಲ್ಲಿ ನಿಕಲ್ ಅಡಗಿರುವ ಜಾಗವನ್ನು ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕು. ಒಳಗಿರುವುದು ಹಿತ್ತಾಳೆ ಅಥವಾ ತಾಮ್ರ. ಅದರ ಮೇಲೆ ನೇರವಾಗಿ ಚಿನ್ನದ ಲೇಪ ಕೊಟ್ಟರೆ ತಾಮ್ರ ಮೆಲ್ಲಗೆ ಚಿನ್ನದೊಳಗೆ ನುಸುಳಿ ಬಣ್ಣ ಕೆಡುತ್ತದೆ. ಅದನ್ನು ತಡೆಯಲು ನಡುವೆ ನಿಕಲ್‌ನ ಒಂದು ಪದರ ಕೊಡುವುದು ವಾಡಿಕೆ. ಮೇಲಿನ ಚಿನ್ನ ಬಹಳ ತೆಳು. ಕೆಲವು ತಿಂಗಳ ಬಳಕೆಯಲ್ಲಿ ಅದು ಸವೆದರೆ ಚರ್ಮಕ್ಕೆ ತಾಗುವುದು ನಿಕಲ್. ಹೊಸದರಲ್ಲಿ ಆಗಿಬಂದ ಓಲೆ ಹಳೆಯದಾದ ಮೇಲೆ ತೊಂದರೆ ಕೊಡುವುದು ಈ ಕಾರಣಕ್ಕೆ.

ಬೆವರು ಮತ್ತು ತೂತು

ಲೋಹದ ತುಂಡು ಸುಮ್ಮನೆ ಚರ್ಮದ ಮೇಲೆ ಕುಳಿತರೆ ಅಲರ್ಜಿ ಬರುವುದಿಲ್ಲ. ಅದು ಕರಗಬೇಕು. ಕರಗಿಸುವ ಕೆಲಸ ನಮ್ಮ ಬೆವರಿನದು. ಬೆವರಿನಲ್ಲಿ ಉಪ್ಪು, ಅಂದರೆ ಕ್ಲೋರೈಡ್ ಇದೆ. ಅದು ನಿಕಲ್‌ನ ಮೇಲ್ಮೈಯನ್ನು ಕೊರೆದು ಎರಡು ಧನ ಆವೇಶವುಳ್ಳ ನಿಕಲ್ ಅಯಾನುಗಳನ್ನು ಬಿಡಿಸುತ್ತದೆ. ಈ ಅಯಾನು ಚರ್ಮದೊಳಗೆ ಇಳಿದಾಗಲೇ ಕಥೆ ಆರಂಭ. ಬೇಸಿಗೆಯಲ್ಲಿ, ಕರಾವಳಿಯ ಸೆಕೆಯಲ್ಲಿ, ಆಟದ ಮೈದಾನದಲ್ಲಿ ತುರಿಕೆ ಹೆಚ್ಚಾಗುವುದು ಇದರಿಂದಲೇ.

ಆದರೆ ಅಖಂಡವಾದ ಚರ್ಮ ಒಳ್ಳೆಯ ಕೋಟೆ. ಅದರ ತೀರ ಮೇಲಿನ ಪದರದಲ್ಲಿರುವುದು ಸತ್ತ ಜೀವಕೋಶಗಳು. ಇಟ್ಟಿಗೆ ಗಾರೆಗಳಂತೆ ಒತ್ತಾಗಿ ಜೋಡಿಸಿಕೊಂಡಿರುತ್ತವೆ. ಗುಂಡಿ ಬಕಲ್‌ಗಳಿಂದ ಕರಗಿದ ನಿಕಲ್‌ನಲ್ಲಿ ಬಹಳಷ್ಟು ಈ ಕೋಟೆಯ ಹೊರಗೇ ಉಳಿಯುತ್ತದೆ.

ಕಿವಿ ಚುಚ್ಚಿದಾಗ ಏನಾಗುತ್ತದೆ? ಕೋಟೆಯ ಗೋಡೆಗೆ ನಾವೇ ಕನ್ನ ಕೊರೆದು, ಅದೇ ಕನ್ನದೊಳಗೆ ಲೋಹದ ಕಡ್ಡಿಯನ್ನು ಕೂರಿಸಿದಂತಾಯಿತು. ಹಸಿ ಗಾಯದ ತೇವ ಕಡ್ಡಿಯನ್ನು ಹಗಲೂ ರಾತ್ರಿ ತೋಯಿಸುತ್ತದೆ. ಕಿವಿಯ ಹಾಲೆಯ ತೂತು ಮಾಗಿ ಒಳಗೆಲ್ಲ ಹೊಸ ಚರ್ಮ ಹಬ್ಬಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಕಿವಿಯ ಮೇಲಿನ ಗಟ್ಟಿ ಭಾಗಕ್ಕೂ ಮೂಗಿಗೂ ಹಲವು ತಿಂಗಳುಗಳೇ ಬೇಕಾಗುತ್ತವೆ. ಅಷ್ಟೂ ದಿನ ಕರಗಿದ ಲೋಹ ನೇರವಾಗಿ ಜೀವಂತ ಅಂಗಾಂಶಕ್ಕೆ ಸಿಗುತ್ತದೆ. ಜೊತೆಗೆ, ಗಾಯವಾದ ಕಡೆ ದೇಹದ ರಕ್ಷಣಾ ವ್ಯವಸ್ಥೆ ಆಗಲೇ ಎಚ್ಚರಗೊಂಡು ಕಾವಲಿಗೆ ನಿಂತಿರುತ್ತದೆ. ಹೊರಗಿನವರನ್ನು ಗುರುತು ಹಿಡಿಯಲು ಅದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇಲ್ಲ.

ಮರೆಯದ ಕಾವಲುಗಾರರು

1868ರಲ್ಲಿ ಬರ್ಲಿನ್ನಿನ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಮಾನವ ಚರ್ಮಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದಾಗ, ಕೊಂಬೆಗಳಂತೆ ಕೈಚಾಚಿದ ಜೀವಕೋಶಗಳನ್ನು ಕಂಡ. ಅವನ ಹೆಸರು ಪಾಲ್ ಲ್ಯಾಂಗರ್‌ಹಾನ್ಸ್. ಅವು ನರಕೋಶಗಳಿರಬೇಕೆಂದು ಅವನು ಭಾವಿಸಿದ. ಅವು ರಕ್ಷಣಾ ವ್ಯವಸ್ಥೆಯ ಕಾವಲುಗಾರರೆಂದು ತಿಳಿದದ್ದು ನೂರು ವರ್ಷಗಳ ನಂತರ.

ನಿಕಲ್ ಅಯಾನು ಬಹಳ ಚಿಕ್ಕದು. ಅಷ್ಟು ಚಿಕ್ಕದನ್ನು ರಕ್ಷಣಾ ವ್ಯವಸ್ಥೆ ತಾನಾಗಿ ಗುರುತಿಸಲಾರದು. ಆದರೆ ಅದು ನಮ್ಮ ದೇಹದ ಪ್ರೋಟೀನುಗಳಿಗೆ ಅಂಟಿಕೊಂಡಾಗ ಆ ಪ್ರೋಟೀನಿನ ರೂಪ ತುಸು ಬದಲಾಗುತ್ತದೆ. ನಮ್ಮವರೇ ವೇಷ ಬದಲಿಸಿದಂತೆ. ಲ್ಯಾಂಗರ್‌ಹಾನ್ಸ್ ಕೋಶ ಮತ್ತು ಅದರ ಬಳಗದ ಇತರ ಕೋಶಗಳು ಇದನ್ನು ಹಿಡಿದು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ಇದರ ಪರಿಚಯ ಮಾಡಿಸುತ್ತವೆ. ಆ ಗುರುತು ಹಿಡಿಯಬಲ್ಲ ಟಿ ಕೋಶಗಳು ಒಂದೆರಡು ವಾರಗಳಲ್ಲಿ ಸಾವಿರಾರು ಪಟ್ಟು ಹೆಚ್ಚಿ, ರಕ್ತದ ಮೂಲಕ ಮೈಯೆಲ್ಲ ಹರಡುತ್ತವೆ. ಇದಕ್ಕೆ ಸಂವೇದನೆ ಬೆಳೆಯುವ ಹಂತ ಎನ್ನುತ್ತಾರೆ. ಎಷ್ಟೋ ಬಾರಿ ಈ ಹಂತದಲ್ಲಿ ಹೊರಗೆ ಏನೂ ಕಾಣಿಸುವುದೇ ಇಲ್ಲ.

ಮುಂದೆ ನಿಕಲ್ ಮತ್ತೆ ಚರ್ಮಕ್ಕೆ ತಾಗಿದಾಗ ಈ ನೆನಪಿನ ಕೋಶಗಳು ಅಲ್ಲಿ ಕೂಡಿಕೊಂಡು ದಾಳಿ ಮಾಡುತ್ತವೆ. ಕೆಂಪು, ತುರಿಕೆ, ಸಣ್ಣ ನೀರುಗುಳ್ಳೆ, ಹಳೆಯದಾದರೆ ಒಣಗಿ ದಪ್ಪವಾದ ಚರ್ಮ. ಇದೇ ಸಂಪರ್ಕದ ಇಸಬು. ಕೋಶಗಳು ಬಂದು ಸೇರಲು ಹೊತ್ತು ಬೇಕಾದುದರಿಂದ ತೊಂದರೆ ಕಾಣುವುದು ಒಂದರಿಂದ ಮೂರು ದಿನಗಳಲ್ಲಿ. ಸೇಂಗಾ ತಿಂದ ಕೆಲವೇ ನಿಮಿಷಕ್ಕೆ ಮೈಯೆಲ್ಲ ದದ್ದು ಏಳುವ ಅಲರ್ಜಿಯೇ ಬೇರೆ, ಇದೇ ಬೇರೆ. ಈ ತಡದಿಂದಲೇ ಜನ ಕಾರಣವನ್ನು ತಪ್ಪಾಗಿ ಊಹಿಸುವುದು. ಭಾನುವಾರ ಮದುವೆಗೆ ಹಾಕಿದ ಓಲೆಯ ಫಲ ಮಂಗಳವಾರ ಕಂಡರೆ, ಮಂಗಳವಾರ ಬಳಸಿದ ಶಾಂಪೂವಿನ ಮೇಲೆ ಅಪವಾದ!

ಟಿ ಕೋಶಗಳು ಮೈಯೆಲ್ಲ ಸುತ್ತುತ್ತಿರುವುದರಿಂದ ಕಿವಿಯಲ್ಲಿ ಕಲಿತ ಪಾಠವನ್ನು ಹೊಟ್ಟೆಯ ಮೇಲೆ, ಮಣಿಕಟ್ಟಿನ ಮೇಲೆ, ಎಲ್ಲಿ ಬೇಕಾದರೂ ಒಪ್ಪಿಸುತ್ತವೆ. ನಮ್ಮ ವಿದ್ಯಾರ್ಥಿನಿಯ ಜೀನ್ಸ್ ಗುಂಡಿಯ ರಹಸ್ಯ ಇಷ್ಟೇ. ಒಮ್ಮೆ ಬೆಳೆದ ಈ ನೆನಪು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಅದನ್ನು ಅಳಿಸುವ ಔಷಧ ಇಂದಿಗೂ ಇಲ್ಲ.

ಮನುಷ್ಯನಿಗೇ ನಿಕಲ್ ಯಾಕಿಷ್ಟು ಕಾಟ ಕೊಡುತ್ತದೆ ಎಂಬುದಕ್ಕೆ 2010ರಲ್ಲಿ ಜರ್ಮನಿಯ ವಿಜ್ಞಾನಿಗಳು ಒಂದು ಸುಳಿವು ಕೊಟ್ಟರು. ನಮ್ಮ ಕೋಶಗಳ ಮೇಲೆ ರೋಗಾಣುಗಳನ್ನು ಪತ್ತೆಹಚ್ಚುವ ಟಿ.ಎಲ್.ಆರ್. 4 ಎಂಬ ಗ್ರಾಹಕವಿದೆ. ಮನುಷ್ಯನ ಗ್ರಾಹಕದಲ್ಲಿ ಒಂದು ಕಡೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಗಳಿದ್ದು, ನಿಕಲ್ ಅಲ್ಲಿಗೇ ಬಂದು ಕೂರುತ್ತದೆ. ರೋಗಾಣು ಬಾರದಿದ್ದರೂ ಅಪಾಯದ ಗಂಟೆ ಬಾರಿಸಿಬಿಡುತ್ತದೆ. ಇಲಿಯ ಗ್ರಾಹಕದಲ್ಲಿ ಆ ಹಿಸ್ಟಿಡಿನ್‌ಗಳಿಲ್ಲ. ಹಾಗಾಗಿ ಇಲಿಗೆ ನಿಕಲ್ ಅಲರ್ಜಿ ಸುಲಭವಾಗಿ ಬರುವುದಿಲ್ಲ.

ಫಿನ್ಲೆಂಡಿನ ಏಳು ನೂರು ಮಕ್ಕಳು

ಕಿವಿ ಚುಚ್ಚುವುದಕ್ಕೂ ನಿಕಲ್ ಅಲರ್ಜಿಗೂ ನಿಜವಾಗಿ ನಂಟಿದೆಯೇ, ಅಥವಾ ಇದು ಕೇವಲ ತರ್ಕವೇ? 1996ರಲ್ಲಿ ಫಿನ್ಲೆಂಡಿನಿಂದ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಗೆ ಸ್ಪಷ್ಟವಾಗಿ ಉತ್ತರಿಸುತ್ತದೆ. ಅದರಲ್ಲಿ 14ರಿಂದ 18 ವರ್ಷದ 700 ಹುಡುಗ ಹುಡುಗಿಯರನ್ನು ಪರೀಕ್ಷಿಸಲಾಯಿತು. ಹುಡುಗಿಯರಲ್ಲಿ ನೂರಕ್ಕೆ 30 ಮಂದಿಗೆ, ಹುಡುಗರಲ್ಲಿ ನೂರಕ್ಕೆ 3 ಮಂದಿಗೆ ನಿಕಲ್ ಅಲರ್ಜಿ ಇತ್ತು. ಹಾಗಾದರೆ ಇದು ಹೆಣ್ಣಿನ ದೇಹದ ದೋಷವೇ? ಅಲ್ಲ. ಅದೇ ಮಕ್ಕಳನ್ನು ಕಿವಿ ಚುಚ್ಚಿಸಿಕೊಂಡವರು, ಚುಚ್ಚಿಸಿಕೊಳ್ಳದವರು ಎಂದು ವಿಂಗಡಿಸಿದಾಗ ಸಿಕ್ಕ ಲೆಕ್ಕ ನೂರಕ್ಕೆ 31 ಮತ್ತು ನೂರಕ್ಕೆ 2. ಹೆಣ್ಣು ಗಂಡೆಂಬ ವ್ಯತ್ಯಾಸದ ಹಿಂದೆ ಇದ್ದದ್ದು ಹೆಚ್ಚಾಗಿ ಕಿವಿಯ ತೂತು.

ಇನ್ನೊಂದು ಕುತೂಹಲದ ಅಂಶವೂ ಅಲ್ಲಿ ಸಿಕ್ಕಿತು. ಹಲ್ಲು ನೇರ ಮಾಡಲು ಹಾಕುವ ತಂತಿಗಳಲ್ಲಿ ನಿಕಲ್ ಇರುತ್ತದೆ. ಮೊದಲು ಹಲ್ಲಿಗೆ ತಂತಿ ಹಾಕಿಸಿಕೊಂಡು ಆಮೇಲೆ ಕಿವಿ ಚುಚ್ಚಿಸಿಕೊಂಡ ಹುಡುಗಿಯರಲ್ಲಿ ಒಬ್ಬರಿಗೂ ಅಲರ್ಜಿ ಇರಲಿಲ್ಲ. ಮೊದಲು ಕಿವಿ, ಆಮೇಲೆ ಹಲ್ಲು ಎಂದು ಮಾಡಿಸಿಕೊಂಡವರಲ್ಲಿ ನೂರಕ್ಕೆ 35 ಮಂದಿಗೆ ಇತ್ತು. ಬಾಯಿ ಮತ್ತು ಕರುಳಿನ ಮೂಲಕ ಪರಿಚಯವಾದ ವಸ್ತುವನ್ನು ನಮ್ಮ ದೇಹ ಅನ್ನದಂತೆ ಸಹಿಸಿಕೊಳ್ಳಲು ಕಲಿಯುತ್ತದೆ. ಗಾಯದ ಮೂಲಕ ಬಂದದ್ದನ್ನು ಶತ್ರುವಿನಂತೆ ಕಾಣುತ್ತದೆ. ಹಾಗೆಂದು ಅಲರ್ಜಿ ತಪ್ಪಿಸಲೆಂದೇ ಯಾರೂ ಹಲ್ಲಿಗೆ ತಂತಿ ಹಾಕಿಸಿಕೊಳ್ಳಬೇಕಿಲ್ಲ! ಮೊದಲ ಪರಿಚಯ ಯಾವ ಬಾಗಿಲಿನಿಂದ ಆಯಿತು ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಇದೊಂದು ನಿದರ್ಶನ.

ಕಾನೂನು ಕಲಿಸಿದ ಪಾಠ

ಈ ಅಲರ್ಜಿಯನ್ನು ತಡೆಯಬಹುದು ಎಂಬುದನ್ನು ತೋರಿಸಿಕೊಟ್ಟ ದೇಶ ಡೆನ್ಮಾರ್ಕ್. 1990ರಲ್ಲಿ ಅಲ್ಲಿ, ಚರ್ಮಕ್ಕೆ ಬಹಳ ಹೊತ್ತು ತಾಗಿರುವ ವಸ್ತುಗಳಿಂದ ಒಂದು ಚದರ ಸೆಂಟಿಮೀಟರಿಗೆ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಹೊರಬರಬಾರದು ಎಂಬ ನಿಯಮ ಬಂತು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಲೋಹದೊಳಗೆ ನಿಕಲ್ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಹೊರಬರುತ್ತದೆ ಎಂಬುದನ್ನು ಅಳೆದದ್ದು ಇದರ ಜಾಣತನ. ನಿಯಮ ಬಂದ ನಂತರ ಕಿವಿ ಚುಚ್ಚಿಸಿಕೊಂಡ ಶಾಲಾ ಹುಡುಗಿಯರಲ್ಲಿ, ಮೊದಲು ಚುಚ್ಚಿಸಿಕೊಂಡವರಿಗಿಂತ ಅಲರ್ಜಿ ಸ್ಪಷ್ಟವಾಗಿ ಕಡಿಮೆಯಾಗಿದ್ದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು.

ಐರೋಪ್ಯ ಒಕ್ಕೂಟವೂ 1994ರಲ್ಲಿ ಇಂಥದೇ ನಿರ್ದೇಶನ ಹೊರಡಿಸಿತು. 2001ರಲ್ಲಿ ಅದು ಪೂರ್ಣವಾಗಿ ಜಾರಿಯಾಯಿತು. ಚುಚ್ಚಿದ ತೂತಿನೊಳಗೆ ಕೂರುವ ಕಡ್ಡಿಗೆ 2004ರಲ್ಲಿ ಇನ್ನೂ ಬಿಗಿಯಾದ ಮಿತಿ ನಿಗದಿಯಾಯಿತು: ವಾರಕ್ಕೆ 0.2 ಮೈಕ್ರೋಗ್ರಾಂ. ಗುಂಡಿಗೊಂದು ಅಳತೆ, ತೂತಿಗೊಂದು ಅಳತೆ ಏಕೆಂಬುದು ಈಗ ನಿಮಗೆ ತಿಳಿದಿದೆ.

ಬೇವಿನ ಕಡ್ಡಿ ಮತ್ತು ಚಿನ್ನದ ತಂತಿ

ಕಿವಿ ಚುಚ್ಚುವುದು ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯಲ್ಲಿ ಇದಕ್ಕೊಂದು ಅಧ್ಯಾಯವೇ ಇದೆ. ಮಗುವನ್ನು ತೊಡೆಯ ಮೇಲೆ ಕೂರಿಸಿ, ಆಟಿಕೆಯಿಂದ ರಮಿಸುತ್ತಾ, ಬಿಸಿಲಿಗೆ ಹಿಡಿದಾಗ ಹೊಳೆಯುವ ತೆಳುವಾದ ಜಾಗ ನೋಡಿ ಚುಚ್ಚಬೇಕು ಎಂಬ ವಿವರ ಅಲ್ಲಿದೆ. ಅನಂತರ ತೂತಿಗೆ ಎಣ್ಣೆ ಹಾಕಿದ ಹತ್ತಿಯ ಬತ್ತಿ.

ನಮ್ಮ ಮನೆಗಳಲ್ಲಿ ಸೋದರಮಾವನ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡು ಅಕ್ಕಸಾಲಿಗರು, ಉತ್ತರ ಕರ್ನಾಟಕದ ಕಡೆ ಪತ್ತಾರರು, ತೆಳುವಾದ ಚಿನ್ನದ ತಂತಿಯಿಂದ ಚುಚ್ಚಿ ಅದನ್ನೇ ಬಳಸಿ ಬಿಡುತ್ತಿದ್ದರು. ಚಿನ್ನ ಕೊಳ್ಳಲಾಗದ ಮನೆಗಳಲ್ಲಿ ತೂತು ಮುಚ್ಚದಂತೆ ಬೇವಿನ ಕಡ್ಡಿ ಅಥವಾ ಪೊರಕೆ ಕಡ್ಡಿ ಸಿಕ್ಕಿಸುತ್ತಿದ್ದುದನ್ನು ನಿಮ್ಮ ಅಜ್ಜಿಯರು ಹೇಳಬಹುದು. ಅದು ಶುಚಿಯಾದ ಪದ್ಧತಿಯೆಂದು ನಾನು ಹೇಳುವುದಿಲ್ಲ. ಕೀವು ಆಗುವ ಭಯ ಇದ್ದೇ ಇತ್ತು. ಆದರೆ ಚಿನ್ನದ ತಂತಿಯಲ್ಲಾಗಲಿ ಬೇವಿನ ಕಡ್ಡಿಯಲ್ಲಾಗಲಿ ಕರಗಿ ಬರುವ ನಿಕಲ್ ಇರಲಿಲ್ಲ. ಹಸಿ ಗಾಯದಲ್ಲೇ ಲೇಪನದ ಓಲೆ ಕೂರಿಸುವುದು ಇತ್ತೀಚಿನ ರೂಢಿ. ತೂತು ಹಳೆಯದು, ಲೋಹ ಹೊಸದು. ತೊಂದರೆ ಇರುವುದು ಅಲ್ಲಿ.

ಹಾಗಾದರೆ ಯಾವ ಲೋಹ?

ಚಿನ್ನ: ಆಭರಣದ 22 ಕ್ಯಾರಟ್ ಚಿನ್ನದಲ್ಲಿ ಸಾವಿರಕ್ಕೆ 916 ಪಾಲು ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ, ಬೆಳ್ಳಿ. ಇದು ಬಹುತೇಕ ಸುರಕ್ಷಿತ. ಕ್ಯಾರಟ್ ಇಳಿದಂತೆ ಬೇರೆ ಲೋಹಗಳ ಪಾಲು ಏರುತ್ತದೆ. 'ಬಿಳಿ ಚಿನ್ನ'ದಲ್ಲಿ ಬಿಳುಪಿಗಾಗಿ ನಿಕಲ್ ಬೆರೆಸಿರಬಹುದು, ಕೇಳಿ ಕೊಳ್ಳಬೇಕು. ಹಾಲ್‌ಮಾರ್ಕ್ ಮುದ್ರೆ ಚಿನ್ನ ಎಷ್ಟಿದೆಯೆಂದು ಹೇಳುತ್ತದೆ, ಉಳಿದದ್ದು ಏನೆಂದು ಹೇಳುವುದಿಲ್ಲ.

ಬೆಳ್ಳಿ: ನಿಜವಾದ ಬೆಳ್ಳಿಯಿಂದ ಅಲರ್ಜಿ ಅಪರೂಪ. ಆದರೆ 'ಜರ್ಮನ್ ಸಿಲ್ವರ್' ಎಂಬುದರಲ್ಲಿ ಬೆಳ್ಳಿ ಇರುವುದೇ ಇಲ್ಲ. ಅದು ತಾಮ್ರ, ನಿಕಲ್, ಸತುವುಗಳ ಮಿಶ್ರಲೋಹ. ಕಾಲೇಜು ಹುಡುಗಿಯರು ಇಷ್ಟಪಡುವ ಕಪ್ಪು ಛಾಯೆಯ 'ಆಕ್ಸಿಡೈಸ್ಡ್' ಜುಮುಕಿಗಳಲ್ಲಿ ಈ ಲೋಹ ಬಳಕೆಯಲ್ಲಿದೆ.

ಸ್ಟೀಲ್: 'ಸರ್ಜಿಕಲ್ ಸ್ಟೀಲ್' ಎಂದು ಮಾರುವ 316 ಎಲ್ ಬಗೆಯ ಉಕ್ಕಿನಲ್ಲಿ ನೂರಕ್ಕೆ 10ಕ್ಕೂ ಹೆಚ್ಚು ಪಾಲು ನಿಕಲ್ ಇದೆ. ಆದರೆ ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡಿನ ಪೊರೆ ಅದನ್ನು ಬಿಗಿಯಾಗಿ ಹಿಡಿದಿಡುವುದರಿಂದ ಹೊರಬರುವುದು ಬಹಳ ಕಡಿಮೆ. ಹೆಚ್ಚಿನವರಿಗೆ ತೊಂದರೆಯಿಲ್ಲ. ಆಗಲೇ ಅಲರ್ಜಿ ಇರುವವರು ಹೊಸ ತೂತಿಗೆ ಇದನ್ನು ಬಳಸದಿರುವುದು ಒಳ್ಳೆಯದು.

ಟೈಟಾನಿಯಂ, ನಿಯೋಬಿಯಂ: ಮೂಳೆ ಜೋಡಿಸಲು ದೇಹದೊಳಗೇ ಇಡುವ ದರ್ಜೆಯ ಟೈಟಾನಿಯಂ ಹೊಸ ತೂತಿಗೆ ಅತ್ಯಂತ ನಂಬಿಕಸ್ತ ಲೋಹಗಳಲ್ಲೊಂದು. ಚಿನ್ನದಷ್ಟು ದುಬಾರಿಯೂ ಅಲ್ಲ. ಅಂದರೆ ಸುರಕ್ಷಿತವಾಗಿರಲು ಹಣವಂತರೇ ಆಗಿರಬೇಕೆಂದಿಲ್ಲ.

ಪ್ರಯೋಗಾಲಯದ ಗುಲಾಬಿ ಬಣ್ಣ

ಬಿ.ಎಸ್ಸಿ. ಓದುವಾಗ ನಾವು ದ್ರಾವಣದಲ್ಲಿರುವ ನಿಕಲ್ ಅಂದಾಜು ಮಾಡುವ ಪ್ರಯೋಗ ಮಾಡುತ್ತಿದ್ದೆವು. ತೆಳು ಹಸಿರು ದ್ರಾವಣಕ್ಕೆ ಡೈಮೀಥೈಲ್ ಗ್ಲೈಆಕ್ಸಿಮ್ ಸೇರಿಸಿ ಅಮೋನಿಯಾ ಹನಿಸಿದೊಡನೆ ಬೀಕರಿನ ತುಂಬ ಅರಳುವ ಕೆಂಪು ಗುಲಾಬಿ ಬಣ್ಣದ ಒತ್ತರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ರಷ್ಯಾದ ಲೆವ್ ಚುಗಾಯೆವ್ 1905ರಲ್ಲಿ ಈ ಕ್ರಿಯೆಯನ್ನು ನಿಕಲ್ ಪತ್ತೆಗೆ ಬಳಕೆಗೆ ತಂದವನು. ಅಂಕ ತೆಗೆಯಲೆಂದು ಕಲಿತ ಈ ಪ್ರಯೋಗವೇ ಕಿವಿಯೋಲೆಯ ಪರೀಕ್ಷೆಯೂ ಹೌದೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನೀವು ಕಾಲೇಜಿನ ಪ್ರಯೋಗಾಲಯದಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಇದನ್ನು ಮಾಡಿ ನೋಡಬಹುದು. ಹತ್ತಿ ಸುತ್ತಿದ ಕಡ್ಡಿಯ ಮೇಲೆ ಎರಡೂ ದ್ರಾವಣಗಳ ಒಂದೆರಡು ಹನಿ ಹಾಕಿ, ಓಲೆಯ ಕಡ್ಡಿ ಮತ್ತು ತಿರುಪನ್ನು ಅರ್ಧ ನಿಮಿಷ ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಬಿಡುತ್ತಿದೆ ಎಂದರ್ಥ. ತಿರುಗದಿದ್ದರೆ ಸುರಕ್ಷಿತವೆಂಬುದಕ್ಕೆ ಪೂರ್ಣ ಖಾತರಿಯಿಲ್ಲ. ಲೇಪನ ಸವೆದ ಮೇಲೆ ಬಿಡಬಹುದು. ಕೆಲವರು ಅಯಸ್ಕಾಂತ ಹಿಡಿದು ನೋಡುತ್ತಾರೆ. ಅದು ಪ್ರಯೋಜನವಿಲ್ಲ. ಶುದ್ಧ ನಿಕಲ್ ಅಯಸ್ಕಾಂತಕ್ಕೆ ಅಂಟುವುದು ನಿಜ, ಆದರೆ ನಿಕಲ್ ಇರುವ ಜರ್ಮನ್ ಸಿಲ್ವರ್ ಅಂಟುವುದಿಲ್ಲ; ನಿಕಲ್ ಇಲ್ಲದ ಕಬ್ಬಿಣ ಅಂಟುತ್ತದೆ.

ಕೀವೋ, ಅಲರ್ಜಿಯೋ?

ಚುಚ್ಚಿದ ಕಿವಿ ಕೆಂಪಾದಾಗ ಎರಡು ಸಾಧ್ಯತೆಗಳಿವೆ. ನೋವು, ಬಿಸಿ, ಹಳದಿ ಕೀವು, ಕೆಲವೊಮ್ಮೆ ಜ್ವರ ಇದ್ದರೆ ಅದು ಸೋಂಕು. ನೋವಿಗಿಂತ ತುರಿಕೆಯೇ ಹೆಚ್ಚಾಗಿ, ತಿಳಿನೀರು ಸೋರಿ, ಹೊಪ್ಪಳೆ ಕಟ್ಟಿ, ಲೋಹ ತಾಗುವ ಜಾಗದ ಸುತ್ತ ಹರಡುತ್ತಿದ್ದರೆ ಅಲರ್ಜಿಯ ಅನುಮಾನ. ಎರಡೂ ಒಟ್ಟಿಗೆ ಇರಬಹುದು. ತುರಿಸಿದ ಉಗುರಿನಿಂದ ಸೋಂಕು ಸೇರುತ್ತದೆ. ಆದ್ದರಿಂದ ವೈದ್ಯರಿಗೆ ತೋರಿಸುವುದೇ ಸರಿ.

ತಾವಾಗಿ ಮುಲಾಮು ಹಚ್ಚಿಕೊಳ್ಳುವುದರಲ್ಲಿ ಎರಡು ಅಪಾಯಗಳಿವೆ. ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಮುಲಾಮುಗಳಲ್ಲಿ ಪ್ರಬಲವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ಇಳಿದಂತೆ ಕಂಡರೂ ಬಹಳ ದಿನ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇನ್ನು ಗಾಯಕ್ಕೆ ಹಚ್ಚುವ ಮುಲಾಮುಗಳಲ್ಲಿರುವ ನಿಯೋಮೈಸಿನ್ ಎಂಬ ಔಷಧಕ್ಕೇ ಕೆಲವರಲ್ಲಿ ಅಲರ್ಜಿ ಬೆಳೆಯುತ್ತದೆ.

ಅಲರ್ಜಿಯನ್ನು ಖಚಿತಪಡಿಸುವುದು ಪ್ಯಾಚ್ ಪರೀಕ್ಷೆ. 1895ರಲ್ಲಿ ಜೋಸೆಫ್ ಯಾಡಾಸನ್ ಎಂಬ ಜರ್ಮನ್ ವೈದ್ಯ ಪಾದರಸದ ಅಲರ್ಜಿ ಪತ್ತೆಗೆ ಇದನ್ನು ಮೊದಲು ತೋರಿಸಿಕೊಟ್ಟ. ನಿಕಲ್ ಸಲ್ಫೇಟ್ ಬೆರೆಸಿದ ಮುಲಾಮನ್ನು ಚಿಕ್ಕ ಬಿಲ್ಲೆಯಲ್ಲಿಟ್ಟು ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆಯುತ್ತಾರೆ. ಅಂದು, ಮತ್ತು ಮುಂದೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ. ಸೂಜಿಯಿಲ್ಲ, ರಕ್ತ ತೆಗೆಯುವುದಿಲ್ಲ. ಬೆನ್ನು ನೆನೆಯದಂತೆ ನೋಡಿಕೊಂಡರೆ ಸಾಕು.

ಕಾರ್ಯಕ್ರಮದಲ್ಲಿ ಕೇಳಲಾಗದ ಪ್ರಶ್ನೆಗಳು

ನಿಕಲ್ ಅಲರ್ಜಿ ಇರುವವರು ಸ್ಟೀಲ್ ತಟ್ಟೆಯಲ್ಲಿ ಊಟ ಮಾಡಬಹುದೇ? ಧಾರಾಳವಾಗಿ ಮಾಡಬಹುದು. ಬಹಳ ಸೂಕ್ಷ್ಮವಾಗಿರುವ ಕೆಲವರಿಗೆ ಮಾತ್ರ ಆಹಾರದ ನಿಕಲ್‌ನಿಂದ ಅಂಗೈಯಲ್ಲಿ ಗುಳ್ಳೆ ಏಳಬಹುದು. ಅಂಥವರಿಗೆ ಪಥ್ಯ ಹೇಳುವುದು ವೈದ್ಯರ ಕೆಲಸ.

ಓಲೆಯ ಕಡ್ಡಿಗೆ ಬಣ್ಣವಿಲ್ಲದ ನೇಲ್ ಪಾಲಿಷ್ ಬಳಿದರೆ? ಕೆಲವು ದಿನಗಳ ಮಟ್ಟಿಗೆ ತಡೆ. ಸಿಪ್ಪೆ ಎದ್ದರೆ ಮತ್ತೆ ಅದೇ ಕಥೆ. ಜೀನ್ಸ್ ಗುಂಡಿಗಾದರೆ ಒಳಗಡೆ ಬಟ್ಟೆಯ ತುಂಡು ಹೊಲಿಸುವುದು ಉತ್ತಮ.

ತಾಯಿಗೆ ಇದ್ದರೆ ಮಗಳಿಗೂ ಬರುತ್ತದೆಯೇ? ಹುಟ್ಟುವಾಗ ಯಾರಿಗೂ ನಿಕಲ್ ಅಲರ್ಜಿ ಇರುವುದಿಲ್ಲ. ಲೋಹದ ಸಂಪರ್ಕವಾಗದೆ ಅದು ಬೆಳೆಯುವುದೂ ಇಲ್ಲ. ತಾಯಿಯಿಂದ ಮಗಳಿಗೆ ಸುಲಭವಾಗಿ ಬರುವುದು ತಾಯಿಯ ಹಳೆಯ ಗಿಲೀಟಿನ ಓಲೆ!

ಆರು ವಾರದ ಎಚ್ಚರ

ಎಲ್ಲವನ್ನೂ ಕೇಳಿದ ಆ ವಿದ್ಯಾರ್ಥಿನಿ ಮೇಕಪ್ ಕೋಣೆಯ ಬಾಗಿಲಲ್ಲಿ ನಿಂತು ವೈದ್ಯರನ್ನು ಕೇಳಿದಳು: "ಹಾಗಾದರೆ ನಾನು ಇನ್ನು ಮುಂದೆ ಓಲೆ ಹಾಕುವಂತೆಯೇ ಇಲ್ಲವೇ ಮೇಡಂ?"

"ಯಾಕಿಲ್ಲ? ಅಮ್ಮನ ಚಿನ್ನದ ಓಲೆ ಹಾಕಿಕೋ, ಟೈಟಾನಿಯಂ ಹಾಕಿಕೋ. ಮೊದಲು ಪ್ಯಾಚ್ ಪರೀಕ್ಷೆ ಮಾಡಿಸು. ಫಲಿತಾಂಶದ ಚೀಟಿ ಜೋಪಾನವಾಗಿಟ್ಟುಕೋ. ಮುಂದೆ ಹಲ್ಲಿಗೆ ತಂತಿ ಹಾಕುವಾಗ, ಮೂಳೆಗೋ ಹೃದಯಕ್ಕೋ ಲೋಹ ಇಡಬೇಕಾಗಿ ಬಂದಾಗ ಡಾಕ್ಟರಿಗೆ ತೋರಿಸು" ಎಂದರು ಅವರು.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನಗಂತೂ ಆಗಿಹೋಯಿತು. ತಂಗಿಗೆ ಬರುವ ತಿಂಗಳು ಮೂಗು ಚುಚ್ಚಿಸಬೇಕೆಂದಿದ್ದಾರೆ. ಅದೇ ಅಂಗಡಿಯಲ್ಲೇ."

ವೈದ್ಯರು ಒಂದು ಚೀಟಿ ತೆಗೆದುಕೊಂಡು ಮೂರು ಸಾಲು ಬರೆದುಕೊಟ್ಟರು. ಸ್ವಚ್ಛಗೊಳಿಸಿದ ಸೂಜಿಯಿಂದ, ತಿಳಿದವರ ಕೈಯಲ್ಲಿ ಚುಚ್ಚಿಸುವುದು. ಮೊದಲ ದಿನದಿಂದಲೇ 22 ಕ್ಯಾರಟ್ ಚಿನ್ನದ ತಂತಿ ಅಥವಾ ದೇಹದೊಳಗೆ ಇಡುವ ದರ್ಜೆಯ ಟೈಟಾನಿಯಂ ಹಾಕುವುದು. ಗಾಯ ಪೂರ್ತಿ ಮಾಗುವವರೆಗೆ, ಕಿವಿಯ ಹಾಲೆಗಾದರೆ ಕನಿಷ್ಠ ಆರು ವಾರ, ಮೂಗಿಗಾದರೆ ಅದಕ್ಕಿಂತ ಹೆಚ್ಚು, ಬೇರೆ ಯಾವ ಲೋಹವನ್ನೂ ಹತ್ತಿರ ತರದಿರುವುದು.

ಆ ಚೀಟಿಯನ್ನು ಅವಳು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡಳು. ನಿಮ್ಮ ಮನೆಯಲ್ಲೂ ತಂಗಿಯೋ ತಮ್ಮನೋ ಇದ್ದರೆ, ಆ ಮೂರು ಸಾಲುಗಳನ್ನು ನೀವೂ ಬರೆದಿಟ್ಟುಕೊಳ್ಳಿ.